ಟ್ರಾವೆಲ್ ವ್ಲಾಗ್‌ಗೆ ವೈಡ್ ಲೆನ್ಸ್: 16 ಸಾಕಾ, 11 ಬೇಕಾ, 10–18 ತಗೊಳ್ಳೋದಾ?

ಟ್ರಾವೆಲ್ ವ್ಲಾಗ್ ಶುರು ಮಾಡಿದವರು ಲೆನ್ಸ್ ಬಗ್ಗೆ ಯಾರನ್ನೇ ಕೇಳಲಿ, ಮೊದಲು ಬರುವ ಉತ್ತರ ಒಂದೇ: "ಕಣ್ಣು ಮುಚ್ಚಿಕೊಂಡು ಸಿಗ್ಮಾ 16 ಎಂಎಂ ಎಫ್/1.4 ತಗೊಳ್ಳಿ." ಲೆನ್ಸ್ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ 16–50 ಎಂಎಂ ಆಗಿದ್ದರೆ, ಈ 16 ಎಂಎಂ ಅದಕ್ಕಿಂತ ಒಂದಿಂಚೂ ಹೆಚ್ಚು ಅಗಲ ತೋರಿಸುವುದಿಲ್ಲ. ಫ್ರೇಮ್ ಸಾಲದು ಎಂದು ಲೆನ್ಸ್ ಹುಡುಕಲು ಹೊರಟವರು ಅಷ್ಟೇ ಅಗಲದ ಇನ್ನೊಂದು ಲೆನ್ಸ್‌ಗೆ ದುಡ್ಡು ಸುರಿದು ಬರುತ್ತಾರೆ. ಆಮೇಲೆ ನೋಡಿದರೆ ಜೋಗಕ್ಕೆ ಹೋಗಿ ಮಾಡಿದ ವಿಡಿಯೊದಲ್ಲಿ ಮುಖ ಬಿಟ್ಟರೆ ಇನ್ನೇನೂ ಇರುವುದಿಲ್ಲ.

ಇಲ್ಲಿ ನಾನು ಮುಖ್ಯವಾಗಿ ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಚಿಕ್ಕ) ಸೆನ್ಸರ್‌ನ ಕ್ಯಾಮೆರಾಗಳನ್ನೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಸೋನಿ ಝಡ್‌ವಿ-ಇ10, ಎ6400, ಕ್ಯಾನನ್ ಆರ್50, ನಿಕಾನ್ ಝಡ್30, ಈ ಗುಂಪು. ಕಡಿಮೆ ದುಡ್ಡಿನಲ್ಲಿ ವ್ಲಾಗ್ ಮಾಡುವವರು ಇರುವುದು ಇಲ್ಲೇ. ಬೆಲೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಲೆನ್ಸ್ ಬೆಲೆ ದಸರಾ ಆಫರ್‌ಗೊಂದು, ಕ್ಯಾಶ್‌ಬ್ಯಾಕ್‌ಗೊಂದು, ಬಿಲ್ ಬೇಡ ಎಂದರೆ ಇನ್ನೊಂದು. ಹಾಗಾಗಿ ರೂಪಾಯಿ ಲೆಕ್ಕ ಬಿಟ್ಟು ಆಯಾ ಲೆನ್ಸ್ ಅಮೆರಿಕದಲ್ಲಿ ಬಿಡುಗಡೆಯಾದಾಗ ಇದ್ದ ಡಾಲರ್ ಬೆಲೆಯನ್ನು ಕೊಟ್ಟಿದ್ದೇನೆ. ಯಾವುದು ಯಾವುದಕ್ಕಿಂತ ದುಬಾರಿ ಎಂದು ತಿಳಿಯಲು ಅಷ್ಟು ಸಾಕು. ಇಂದಿನ ದರ ಅಂಗಡಿಯಲ್ಲೇ ಕೇಳಿ.

ಕೈ ಚಾಚಿದ ದೂರದ ಲೆಕ್ಕ

ವೈಡ್ ಲೆನ್ಸ್ ಎಂದರೆ ಎಷ್ಟು ವೈಡ್? ಡಿಗ್ರಿ ಲೆಕ್ಕದಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಸೆಂಟಿಮೀಟರ್‌ನಲ್ಲಿ ನೋಡೋಣ. ಕ್ಯಾಮೆರಾ ಹಿಡಿದು ಕೈ ಚಾಚಿದರೆ ಲೆನ್ಸ್‌ನಿಂದ ನಿಮ್ಮ ಮುಖಕ್ಕೆ ಸುಮಾರು 60 ಸೆಂ.ಮೀ. ಸೋನಿ, ನಿಕಾನ್, ಫ್ಯೂಜಿ ಎಪಿಎಸ್-ಸಿ ಸೆನ್ಸರ್ ಅಗಲ ಸುಮಾರು 23.5 ಮಿ.ಮೀ. ದೂರವನ್ನು 23.5ರಿಂದ ಗುಣಿಸಿ ಫೋಕಲ್ ಲೆಂಗ್ತ್‌ನಿಂದ (ಲೆನ್ಸ್ ಹೆಸರಿನಲ್ಲಿರುವ ಎಂಎಂ ಸಂಖ್ಯೆ, ಕಡಿಮೆಯಾದಷ್ಟೂ ಅಗಲ ಹೆಚ್ಚು) ಭಾಗಿಸಿದರೆ ಅಷ್ಟು ದೂರದಲ್ಲಿ ಫ್ರೇಮ್‌ಗೆ ಎಷ್ಟು ಅಗಲ ಹಿಡಿಸುತ್ತದೆ ಎಂಬುದು ಸಿಗುತ್ತದೆ.

16 ಎಂಎಂನಲ್ಲಿ ಅದು 88 ಸೆಂ.ಮೀ. 12ರಲ್ಲಿ 117, 11ರಲ್ಲಿ 128, 10ರಲ್ಲಿ 141. ದೊಡ್ಡವರ ಎರಡು ಭುಜಗಳ ಅಗಲ 40–45 ಸೆಂ.ಮೀ. ಇರುತ್ತದೆ. ಅಂದರೆ 16ರಲ್ಲಿ ಫ್ರೇಮ್‌ನ ಅರ್ಧ ನೀವೇ. ಉಳಿದರ್ಧದಲ್ಲಿ ಊರು ಕಾಣಬೇಕು. ಕೂತು ಮಾತಾಡುವುದಾದರೆ ಇದು ನಡೆಯುತ್ತದೆ.

ನಡೆಯಲು ಶುರು ಮಾಡಿದಾಗ ಕತೆ ಬೇರೆ. ಝಡ್‌ವಿ-ಇ10ರ ಒಳಗೆ ಸೆನ್ಸರ್ ಅಲುಗಿ ನಡುಕ ತಡೆಯುವ ವ್ಯವಸ್ಥೆ ಇಲ್ಲ. ಇರುವುದು ಆ್ಯಕ್ಟಿವ್ ಸ್ಟೆಡಿಶಾಟ್ ಎಂಬ ಎಲೆಕ್ಟ್ರಾನಿಕ್ ಉಪಾಯ. ಅದು ಚಿತ್ರದ ಅಂಚುಗಳನ್ನು ಕತ್ತರಿಸಿ, ಉಳಿದ ಭಾಗವನ್ನು ಆಚೀಚೆ ಸರಿಸಿ ನಡುಕ ಮರೆಸುತ್ತದೆ. ಈ ಕತ್ತರಿ ಸುಮಾರು 1.44 ಪಟ್ಟಿನದು. ಈಗ ಮೇಲಿನ ಲೆಕ್ಕವನ್ನು 1.44ರಿಂದ ಭಾಗಿಸಿ ನೋಡಿ. 16 ಎಂಎಂನ 88 ಸೆಂ.ಮೀ. 61ಕ್ಕೆ ಇಳಿಯುತ್ತದೆ. 11 ಎಂಎಂನ 128 ಇಳಿದು 89 ಆಗುತ್ತದೆ. ಕತ್ತರಿ ಬಿದ್ದ 11 ಎಂಎಂ, ಕತ್ತರಿ ಬೀಳದ 16ಕ್ಕೆ ಸಮ! ವಿಮರ್ಶಕರು 16 ಸಾಕು ಅನ್ನುವುದು ಸ್ಟುಡಿಯೊದಲ್ಲಿ ಸ್ಟ್ಯಾಂಡ್ ಮೇಲಿಟ್ಟ ಕ್ಯಾಮೆರಾದ ಮಾತು. ಗೋಕರ್ಣದ ಬೀಚಿನಲ್ಲಿ ಕೈಯಲ್ಲಿ ಹಿಡಿದು ನಡೆಯುವವರಿಗೆ ಅದೇ 16 ಬೇಕೆಂದರೆ 11 ಕೊಳ್ಳಬೇಕು.

ಎತ್ತರವನ್ನೂ ನೋಡಿ. 16ಕ್ಕೆ ಆ್ಯಕ್ಟಿವ್ ಹಾಕಿದರೆ ಎತ್ತರ ಬರೀ 34 ಸೆಂ.ಮೀ. ತಲೆ, ಕತ್ತು, ಅಂಗಿಯ ಮೊದಲ ಗುಂಡಿ, ಅಲ್ಲಿಗೆ ಮುಗಿಯಿತು. ರೀಲ್ಸ್‌ಗಾಗಿ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದರೆ ಇದೇ 34 ಸೆಂ.ಮೀ. ಅಗಲವಾಗುತ್ತದೆ, ಎರಡೂ ಭುಜ ಹಿಡಿಸುವುದಿಲ್ಲ.

ಇದನ್ನು ನಂಬಲು ನನ್ನ ಲೆಕ್ಕವೇ ಬೇಕಿಲ್ಲ. ಕಿಟ್ ಲೆನ್ಸನ್ನು 16ಕ್ಕೆ ಇಟ್ಟು, ಆ್ಯಕ್ಟಿವ್ ಆನ್ ಮಾಡಿ, ಕೈ ಚಾಚಿ ಮನೆಯ ಹಜಾರದಲ್ಲಿ ನಾಲ್ಕು ಹೆಜ್ಜೆ ನಡೆಯಿರಿ. ಸಿಗ್ಮಾ 16 ಕೊಡುವ ಅಗಲ ಇದೇ. ಇದು ನಿಮಗೆ ಸಾಕಾದರೆ ಮುಂದೆ ಓದುವ ಅಗತ್ಯವೂ ಕಡಿಮೆ.

ಇನ್ನೊಂದು ಕತ್ತರಿ ಮೆನುವಿನಲ್ಲೇ ಕೂತಿದೆ. ಝಡ್‌ವಿ-ಇ10 ಮತ್ತು ಎ6400ರಲ್ಲಿ 4ಕೆ ವಿಡಿಯೊ ಸೆಕೆಂಡಿಗೆ 30 ಫ್ರೇಮ್‌ಗೆ ಇಟ್ಟರೆ ಚಿತ್ರ ಸುಮಾರು 1.2 ಪಟ್ಟು ಒಳಕ್ಕೆ ಬರುತ್ತದೆ. 24 ಅಥವಾ 25ರಲ್ಲಿ ಸೆನ್ಸರ್‌ನ ಪೂರ್ತಿ ಅಗಲ ಸಿಗುತ್ತದೆ. ನಮ್ಮ ದೇಶಕ್ಕೆ ಹೇಗೂ 25 ಒಳ್ಳೆಯದು. ಇಲ್ಲಿ ಕರೆಂಟ್ 50 ಹರ್ಟ್ಸ್. 25 ಫ್ರೇಮ್, ಶಟರ್ 1/50 ಇಟ್ಟರೆ ದರ್ಶಿನಿಯ ಟ್ಯೂಬ್‌ಲೈಟ್ ಕೆಳಗೆ ಚಿತ್ರದ ಮೇಲೆ ಓಡಾಡುವ ಕಪ್ಪು ಪಟ್ಟಿಗಳು ತಪ್ಪುತ್ತವೆ. ಮೆನುವಿನಲ್ಲಿ ಎನ್‌ಟಿಎಸ್‌ಸಿ ಬದಲು ಪಾಲ್ ಆರಿಸಿಕೊಂಡರೆ ಮುಗಿಯಿತು, ಒಂದೇ ಸಲಕ್ಕೆ ಎರಡು ಕೆಲಸ. ಕೆಲವರಿಗೆ ಹೊಸ ಲೆನ್ಸ್‌ಗಿಂತ ಈ ಬದಲಾವಣೆಯೇ ಹೆಚ್ಚು ಅಗಲ ಕೊಟ್ಟೀತು.

ಸೋನಿ ಇರುವವರ ಮುಂದಿನ ದಾರಿಗಳು

ಸೋನಿಯಲ್ಲಿ ಲೆನ್ಸ್ ಕೂರಿಸುವ ಬಾಯಿಯಾದ ಇ-ಮೌಂಟ್‌ಗೆ ಲೆನ್ಸ್‌ಗಳ ಸಂತೆಯೇ ಇದೆ. ಎಲ್ಲವನ್ನೂ ಹೇಳುತ್ತಾ ಹೋಗುವುದಿಲ್ಲ. ನಿಜವಾಗಿ ಪೈಪೋಟಿ ಇರುವುದು ಮೂರು ನಾಲ್ಕರ ನಡುವೆ.

ಸಿಗ್ಮಾ 16 ಎಂಎಂ ಎಫ್/1.4 ಬಂದದ್ದು 2017ರಲ್ಲಿ, ಬೆಲೆ 449 ಡಾಲರ್. ತೂಕ 405 ಗ್ರಾಂ. ಬ್ಯಾಟರಿ, ಕಾರ್ಡ್ ಸೇರಿ ಝಡ್‌ವಿ-ಇ10 ಬಾಡಿಯೇ 343 ಗ್ರಾಂ ಇರುವುದು. ಬಾಡಿಗಿಂತ ಲೆನ್ಸ್ ಭಾರ. ಉದ್ದ 9 ಸೆಂ.ಮೀ.ಗೂ ಸ್ವಲ್ಪ ಹೆಚ್ಚು. ಸಣ್ಣ ಹ್ಯಾಂಡ್‌ಗ್ರಿಪ್ ಮೇಲಿಟ್ಟರೆ ಮೂತಿ ಮುಂದಕ್ಕೆ ವಾಲುತ್ತದೆ, ಕೈ ಚಾಚಿ ಮಾತಾಡುತ್ತಾ ಹೋದರೆ ಎರಡೇ ನಿಮಿಷಕ್ಕೆ ಮಣಿಕಟ್ಟು ದೂರು ಹೇಳುತ್ತದೆ. ಕಿಟ್ ಲೆನ್ಸ್‌ನಲ್ಲಿರುವ, ಒಳಗಿನ ಗಾಜು ಅಲುಗಿ ನಡುಕ ತಡೆಯುವ ಆಪ್ಟಿಕಲ್ ಸ್ಟೆಬಿಲೈಸೇಶನ್ ಇದರಲ್ಲಿಲ್ಲ. ಇದರ ಬಲ ಬೆಳಕಿನಲ್ಲಿದೆ, ಎಫ್ ಸಂಖ್ಯೆ ಕಡಿಮೆಯಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು. ರಾತ್ರಿ, ಮನೆಯೊಳಗೆ, ಹೋಟೆಲ್ ರೂಮಿನಲ್ಲಿ ಹಿನ್ನೆಲೆ ಮಸುಕು ಮಾಡಿ ಮುಖ ಎತ್ತಿ ತೋರಿಸುವುದರಲ್ಲಿ ಇದರ ಬೆಲೆಗೆ ಇದಕ್ಕೆ ಇದೇ ಸಾಟಿ. ನಿಮ್ಮ ವ್ಲಾಗ್‌ನಲ್ಲಿ ಟೇಬಲ್ ಮೇಲೆ ಕ್ಯಾಮೆರಾ ಇಟ್ಟು ಮಾತಾಡುವುದೇ ಜಾಸ್ತಿ ಎಂದಾದರೆ ಧಾರಾಳವಾಗಿ ತಗೊಳ್ಳಿ. ನಡಿಗೆಯ ವ್ಲಾಗ್‌ಗೆ ನಾನು ಇದನ್ನು ಹೇಳುವುದಿಲ್ಲ.

ಸೋನಿ ಇ 11 ಎಂಎಂ ಎಫ್/1.8 ಬಂದದ್ದು 2022ರಲ್ಲಿ, 550 ಡಾಲರ್‌ಗೆ. ತೂಕ 181 ಗ್ರಾಂ, ಉದ್ದ 6 ಸೆಂ.ಮೀ. ಒಳಗೆ. ಕ್ಯಾಮೆರಾ ಸೇರಿ 524 ಗ್ರಾಂ, ಅಂದರೆ ಸಿಗ್ಮಾ 16 ಹಾಕಿದ ಜೋಡಿಗಿಂತ ಕಾಲು ಕೆ.ಜಿ.ಯಷ್ಟು ಹಗುರ. ಇದರ ಫೋಕಸ್ ಮೋಟರ್ ಸದ್ದು ಮಾಡುವುದಿಲ್ಲ, ಮುಖ ಬಿಟ್ಟು ಹಿಂದಿನ ಗೋಪುರಕ್ಕೆ ಹೋಗಿ ಮರಳಿ ಬರುವಾಗ ತಡವರಿಸುವುದಿಲ್ಲ. ಇದರಲ್ಲೂ ಆಪ್ಟಿಕಲ್ ಸ್ಟೆಬಿಲೈಸೇಶನ್ ಇಲ್ಲ. ಆದರೆ 11ರಷ್ಟು ಅಗಲದಲ್ಲಿ ಸಣ್ಣಪುಟ್ಟ ನಡುಕ ತಾನಾಗಿಯೇ ಕಡಿಮೆ ಕಾಣುತ್ತದೆ, ಉಳಿದದ್ದನ್ನು ಆ್ಯಕ್ಟಿವ್ ನೋಡಿಕೊಳ್ಳುತ್ತದೆ. ಇದರ ದೊಡ್ಡ ತೊಡಕೆಂದರೆ ಇದು 11 ಮಾತ್ರ. ಎದುರಿನ ಬೆಟ್ಟ ಹತ್ತಿರ ಬೇಕೆಂದರೆ ಕಿಟ್ ಲೆನ್ಸ್ ಬದಲಾಯಿಸಬೇಕು, ಇಲ್ಲವೇ ಬೆಟ್ಟದ ಕಡೆ ನಡೆಯಬೇಕು.

ಸಿಗ್ಮಾ 10–18 ಎಂಎಂ ಎಫ್/2.8 ಈ ಇಡೀ ಚರ್ಚೆಯನ್ನೇ ತಿರುಗಿಸಿ ಹಾಕಿದ ಲೆನ್ಸ್. 2023ರ ಕೊನೆಗೆ 599 ಡಾಲರ್‌ಗೆ ಬಂತು. ಎಫ್/2.8 ಝೂಮ್ ಎಂದರೆ ಗುಂಡುಕಲ್ಲು ಎಂದುಕೊಂಡಿದ್ದವರಿಗೆ ಇದರ 260 ಗ್ರಾಂ ತೂಕ ಕಂಡು ಅಚ್ಚರಿಯಾಯಿತು. 10ರಲ್ಲಿ ಕೈ ಚಾಚಿದಾಗ 141 ಸೆಂ.ಮೀ., ಆ್ಯಕ್ಟಿವ್ ಹಾಕಿದ ಮೇಲೂ 98 ಉಳಿಯುತ್ತದೆ. 18ಕ್ಕೆ ತಿರುಗಿಸಿದರೆ ಗೆಳೆಯನನ್ನು ನಿಲ್ಲಿಸಿ ಮುಖ ಕೆಡದಂತೆ ತೆಗೆಯಬಹುದು. 11 ಎಂಎಂ ಮತ್ತು ಇದರ ನಡುವೆ ಬೆಳಕಿನಲ್ಲಿ ಸುಮಾರು ಒಂದೂಕಾಲು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು) ವ್ಯತ್ಯಾಸ, ತೂಕದಲ್ಲಿ 79 ಗ್ರಾಂ, ಬೆಲೆಯಲ್ಲಿ 50 ಡಾಲರ್.

ಟ್ಯಾಮ್ರಾನ್ 11–20 ಎಫ್/2.8 ಇದಕ್ಕೆ ಎರಡು ವರ್ಷ ಮೊದಲೇ, 2021ರಲ್ಲಿ ಬಂದಿತ್ತು. ಆಗ ಅದೇ ರಾಜ. 335 ಗ್ರಾಂ, 829 ಡಾಲರ್. ಚಿತ್ರದ ಗುಣಮಟ್ಟದಲ್ಲಿ ಕೊರತೆ ಹೇಳುವಂತಿಲ್ಲ. ಆದರೆ ಹೊಸದಾಗಿ ಕೊಳ್ಳುವವರು 1 ಎಂಎಂ ಕಡಿಮೆ ಅಗಲಕ್ಕೆ ಹೆಚ್ಚು ದುಡ್ಡು, ಹೆಚ್ಚು ಭಾರ ಯಾಕೆ ಹೊರಬೇಕು? ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯ ಬೆಲೆಗೆ ಸಿಕ್ಕರೆ ಮಾತ್ರ ನೋಡಿ.

ಸೋನಿಯದೇ ಪಿಝಡ್ 10–20 ಎಫ್/4 ಜಿ ಇನ್ನೂ ಹಗುರ, 178 ಗ್ರಾಂ. ಝೂಮ್ ಮಾಡಿದರೆ ಉದ್ದ ಬದಲಾಗುವುದಿಲ್ಲ, ಹಾಗಾಗಿ ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಮೋಟರ್ ಹಿಡಿಕೆ) ಮೇಲೆ ಸಮತೋಲನ ಕೆಡುವುದಿಲ್ಲ. ಕ್ಯಾಮೆರಾ ಮೇಲಿನ ಲಿವರ್‌ನಿಂದ ನಯವಾಗಿ ಝೂಮ್ ಮಾಡಬಹುದು. ಬೆಲೆ 750 ಡಾಲರ್. ಗಿಂಬಲ್ ಬಳಸುವವರಿಗೆ ಇದರಷ್ಟು ಹೊಂದುವ ಲೆನ್ಸ್ ಇನ್ನೊಂದಿಲ್ಲ. ಆದರೆ ಇಲ್ಲಿ ಹೇಳುತ್ತಿರುವುದು ಕೈಗೆಟುಕುವ ಲೆನ್ಸ್ ಬಗ್ಗೆ.

ಇದರ ಅಣ್ಣನೊಬ್ಬ ಇದ್ದಾನೆ, 2012ರ ಸೋನಿ 10–18 ಎಫ್/4. ಈಗ ಅದರ ಹೆಸರು ಯಾರ ಬಾಯಲ್ಲೂ ಇಲ್ಲ. 225 ಗ್ರಾಂ. ಮುಖ್ಯವಾಗಿ, ಮೇಲೆ ಹೇಳಿದ ಸಿಗ್ಮಾ, ಟ್ಯಾಮ್ರಾನ್, ಹೊಸ ಸೋನಿ ಯಾವುದರಲ್ಲೂ ಇಲ್ಲದ ಆಪ್ಟಿಕಲ್ ಸ್ಟೆಬಿಲೈಸೇಶನ್ ಇದರಲ್ಲಿದೆ. ನಿಂತಲ್ಲೇ ನಿಂತು ದೇವಸ್ಥಾನದ ಚಾವಣಿಯನ್ನೋ ಬೀದಿಯನ್ನೋ ತೆಗೆಯುವಾಗ ಆ್ಯಕ್ಟಿವ್‌ನ ಕತ್ತರಿಯೇ ಬೇಡ, ಪೂರ್ತಿ 10 ಎಂಎಂ ನಿಮ್ಮದು. ನಡೆಯುವಾಗಿನ ಕುಲುಕಾಟಕ್ಕೆ ಮಾತ್ರ ಅದೊಂದೇ ಸಾಲದು. ಒಳ್ಳೆಯ ಸ್ಥಿತಿಯಲ್ಲಿರುವುದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಬಿಡಬೇಡಿ.

ಚೀನಾ, ಕೊರಿಯಾ ಕಂಪನಿಗಳದೂ ಇವೆ. ಸಮ್ಯಾಂಗ್ 12 ಎಂಎಂ ಎಫ್/2 ಆಟೊಫೋಕಸ್ ಲೆನ್ಸ್ 224 ಗ್ರಾಂ, ಸೋನಿ 11ಕ್ಕೆ ದುಡ್ಡು ಸಾಲದವರಿಗೆ ಸಮೀಪದ ಬದಲಿ. ವಿಲ್‌ಟ್ರಾಕ್ಸ್ 13 ಎಂಎಂ ಎಫ್/1.4 ರಾತ್ರಿಗೆ ಹೇಳಿ ಮಾಡಿಸಿದ್ದು, ಆದರೆ 420 ಗ್ರಾಂ. ಸಿಗ್ಮಾ 16ಕ್ಕೆ ಹೇಳಿದ್ದೇ ಇದಕ್ಕೂ. ಇನ್ನು ಮ್ಯಾನುವಲ್ ಫೋಕಸ್ ಲೆನ್ಸ್‌ಗಳು ನಂಬಲಾಗದಷ್ಟು ಅಗ್ಗ. ಭೂದೃಶ್ಯಕ್ಕೆ ತೊಂದರೆ ಇಲ್ಲ, ಆದರೆ ನಿಮ್ಮನ್ನು ನೀವೇ ತೆಗೆಯುತ್ತಿರುವಾಗ ಫೋಕಸ್ ತಿರುಗಿಸುವವರು ಯಾರು? ಎಫ್/8ಕ್ಕೆ ಇಳಿಸಿ ಒಂದು ದೂರಕ್ಕೆ ಕಟ್ಟಿಟ್ಟರೆ ಹಗಲಲ್ಲಿ ಸಾಗುತ್ತದೆ, ಸಂಜೆಗೆ ಕೈಕೊಡುತ್ತದೆ.

ಕಿಟ್ ಲೆನ್ಸ್‌ನ 40.5 ಮಿ.ಮೀ. ಬಾಯಿಗೆ ತಿರುಗಿಸಿ ಕೂರಿಸುವ "0.45x ವೈಡ್ ಕನ್ವರ್ಟರ್" ಗಾಜುಗಳ ಜಾಹೀರಾತು ನೋಡಿರುತ್ತೀರಿ. ಬೇಡ. ಮಧ್ಯದಲ್ಲಿ ಸುಮಾರಾಗಿ ಕಾಣುತ್ತದೆ, ಅಂಚಿಗೆ ಬಂದರೆ ಕಂಬಗಳೆಲ್ಲ ಬೆಣ್ಣೆಯಂತೆ ಕರಗಿರುತ್ತವೆ.

ನನ್ನ ಆಯ್ಕೆ ಕೇಳಿದರೆ, ಮಾತಾಡುತ್ತಾ ನಡೆಯುವುದೇ ವ್ಲಾಗ್ ಆಗಿದ್ದು ಕಿಟ್ ಲೆನ್ಸನ್ನೂ ಚೀಲದಲ್ಲಿ ಇಟ್ಟುಕೊಳ್ಳುವವರಿಗೆ ಸೋನಿ 11. ಕ್ಯಾಮೆರಾದಲ್ಲಿ ಒಂದೇ ಲೆನ್ಸ್ ಇರಲಿ, ಬಸ್ಸಿನಲ್ಲಿ ಕೂತು ಲೆನ್ಸ್ ಬದಲಾಯಿಸುವ ರಗಳೆ ಬೇಡ ಅನ್ನುವವರಿಗೆ ಸಿಗ್ಮಾ 10–18. ಮೇಲಿಂದ ಧೂಳು, ಕೆಳಗಿಂದ ಕುಲುಕಾಟ ಇರುವ ಊರಿನ ಬಸ್ಸಿನಲ್ಲಿ ಸೆನ್ಸರ್ ತೆರೆದಿಡುವುದನ್ನು ಊಹಿಸಿಕೊಂಡರೆ ನನ್ನ ಮನಸ್ಸೂ ಸಿಗ್ಮಾ ಕಡೆಗೇ ಸ್ವಲ್ಪ ವಾಲುತ್ತದೆ.

ಎಫ್/1.4 ಬೇಕೇ ಬೇಕಾ?

ಬೆಳಕಿನ ಲೆಕ್ಕವನ್ನೂ ಸಂಖ್ಯೆಯಲ್ಲೇ ನೋಡೋಣ. ಒಂದು ಮಬ್ಬು ಜಾಗದಲ್ಲಿ ಶಟರ್ 1/50ಕ್ಕೆ ಕಟ್ಟಿಟ್ಟು ಎಫ್/1.4ರಲ್ಲಿ ಐಎಸ್‌ಒ (ಸೆನ್ಸರ್ ಬೆಳಕನ್ನು ಹಿಗ್ಗಿಸಿ ತೋರಿಸುವ ಮಟ್ಟ) 1600 ಬೇಕಾಯಿತು ಎಂದಿಟ್ಟುಕೊಳ್ಳಿ. ಅಲ್ಲೇ ಎಫ್/1.8ಕ್ಕೆ ಸುಮಾರು 2500, ಎಫ್/2.8ಕ್ಕೆ 6400, ಎಫ್/4ಕ್ಕೆ 12800. ಝಡ್‌ವಿ-ಇ10ರಲ್ಲಿ 6400ರವರೆಗೆ ಹೇಗೋ ಸುಧಾರಿಸಬಹುದು. 12800ರಲ್ಲಿ ನೆರಳಿನ ಜಾಗವೆಲ್ಲ ಹುಳು ಹರಿದಂತೆ ಮಿಸುಕುತ್ತದೆ. ನನ್ನ ಮಟ್ಟಿಗೆ ಎಫ್/2.8 ಗಡಿರೇಖೆ.

ಪ್ರವಾಸದಲ್ಲಿ ಅಷ್ಟು ಕತ್ತಲೆ ಎಲ್ಲಿ ಸಿಗುತ್ತದೆ? ಮೈಸೂರು ಅರಮನೆಯ ದೀಪಾಲಂಕಾರದ ಮುಂದೆ ಅಲ್ಲ, ಅಲ್ಲಿ ಎಫ್/4ಕ್ಕೂ ಬೆಳಕು ಸಾಕು. ಬೇಲೂರಿನ ನವರಂಗದೊಳಗೆ ಸಿಗುತ್ತದೆ. ಜಾಲಂಧ್ರಗಳಿಂದ ಬರುವ ಬೆಳಕು ಕಂಬಗಳ ನಡುವೆ ಸೋತುಹೋಗುತ್ತದೆ, ಎಫ್/1.8 ಇದ್ದರೆ ಉಸಿರಾಡುವಂತಾಗುತ್ತದೆ. ಬಾದಾಮಿಯ ಮೂರನೇ ಗುಹೆಯಲ್ಲಿ ಹೊರಜಗುಲಿಗೆ ಬೆಳಕಿದೆ, ಆದರೆ ಹಿಂದೆ ಸರಿಯಲು ಜಾಗವಿಲ್ಲ. ಆದಿಶೇಷನ ಮೇಲೆ ಕೂತ ವಿಷ್ಣುವನ್ನು ಇಡಿಯಾಗಿ ಹಿಡಿಯಲು 10–11 ಎಂಎಂ ಬೇಕು. ಒಳಗಿನ ಮಂಟಪಕ್ಕೆ ಕಾಲಿಟ್ಟರೆ ಬೆಳಕೂ ಬೇಕು. ಇಂಥ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕಾಗುವುದರಿಂದ ಎಲ್ಲವೂ ಕೈಯಲ್ಲೇ ಆಗಬೇಕು.

ಹಗಲಲ್ಲಿ ಇದೇ ದೊಡ್ಡ ಅಪರ್ಚರ್ ತಲೆನೋವು. ಹಂಪಿಯ ಮಧ್ಯಾಹ್ನದ ಬಿಸಿಲಿಗೆ ಐಎಸ್‌ಒ 100, ಶಟರ್ 1/50 ಇಟ್ಟರೆ ಸರಿಯಾದ ಎಕ್ಸ್‌ಪೋಷರ್‌ಗೆ ಎಫ್/22 ಬೇಕು. ಎಫ್/1.8ರಲ್ಲೇ ತೆಗೆಯುತ್ತೇನೆ ಎಂದರೆ ಏಳು ಸ್ಟಾಪ್‌ಗೂ ಹೆಚ್ಚು ಬೆಳಕನ್ನು ಎನ್‌ಡಿ ಫಿಲ್ಟರ್ (ಲೆನ್ಸ್ ಮುಂದೆ ಕೂರಿಸುವ ಕಪ್ಪು ಗಾಜು) ತಡೆಯಬೇಕು. ಎಫ್/4ಕ್ಕೆ ಐದು ಸ್ಟಾಪ್ ಸಾಕು. ವೈಡ್ ಲೆನ್ಸ್ ಮೇಲೆ ಅಗ್ಗದ ವೇರಿಯಬಲ್ ಎನ್‌ಡಿಯನ್ನು ಪೂರ್ತಿ ತಿರುಗಿಸಿದರೆ ಆಕಾಶದ ನಡುವೆ ಕಪ್ಪು ಗುಣಾಕಾರ ಚಿಹ್ನೆ ಮೂಡುತ್ತದೆ. ಎಷ್ಟು ಅಗಲವೋ ಅಷ್ಟು ಬೇಗ. 10–11 ಎಂಎಂಗೆ ಯಾವಾಗಲೂ ಐದು ಸ್ಟಾಪ್ ಮಾತ್ರ ತಡೆಯುವ ಎನ್‌ಡಿ32 ಗಾಜು ಕೊಂಡು, ಎಫ್/4–5.6ರಲ್ಲಿ ತೆಗೆಯುವುದು ನೆಮ್ಮದಿ. ಫಿಲ್ಟರ್ ಬಾಯಿ ಸೋನಿ 11ಕ್ಕೆ 55 ಮಿ.ಮೀ., ಸಿಗ್ಮಾದ 16 ಮತ್ತು 10–18 ಎರಡಕ್ಕೂ, ಟ್ಯಾಮ್ರಾನ್‌ಗೂ 67. ದೊಡ್ಡದಾದಷ್ಟೂ ಫಿಲ್ಟರ್ ದುಬಾರಿ. ಲೆನ್ಸ್ ಬಜೆಟ್ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.

ನಡುಕ ತೆಗೆಯಲು ಎಡಿಟಿಂಗ್‌ನಲ್ಲಿ ಗೈರೋಫ್ಲೋ ಬಳಸುವವರಿಗೆ ಮಾತ್ರ ಈ ಎನ್‌ಡಿ ಲೆಕ್ಕ ಉಲ್ಟಾ. ಅದು ಉಚಿತ ಸಾಫ್ಟ್‌ವೇರ್. ಝಡ್‌ವಿ-ಇ10 ವಿಡಿಯೊ ಜೊತೆಗೇ ಬರೆದಿಡುವ ಚಲನೆಯ ಮಾಹಿತಿಯನ್ನು ಓದಿ ಚಿತ್ರವನ್ನು ನಿಲ್ಲಿಸುತ್ತದೆ. ಅದಕ್ಕೆ ಕ್ಯಾಮೆರಾದ ಸ್ಟೆಬಿಲೈಸೇಶನ್ ಆಫ್ ಮಾಡಿ, ಶಟರ್ 1/200 ಅಥವಾ ಅದಕ್ಕೂ ವೇಗಕ್ಕೆ ಇಡಬೇಕು. ಇಲ್ಲದಿದ್ದರೆ ಚಿತ್ರ ನಿಂತರೂ ಹೆಜ್ಜೆ ಹೆಜ್ಜೆಗೆ ಮಸುಕು ಉಳಿಯುತ್ತದೆ. ಇದರಲ್ಲೂ ಅಂಚು ಕತ್ತರಿಸಲೇಬೇಕು, ಆದರೆ ಎಷ್ಟು ಎಂಬುದು ನಿಮ್ಮ ಕೈಯಲ್ಲಿದೆ.

ಹತ್ತಿರ ಮತ್ತು ದೂರ

ತಿಂಡಿ ತೋರಿಸದ ವ್ಲಾಗ್ ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನಬೇಕು. ಅಲ್ಲಿ ಎಷ್ಟು ಹತ್ತಿರಕ್ಕೆ ಫೋಕಸ್ ಆಗುತ್ತದೆ ಎಂಬುದು ಲೆಕ್ಕಕ್ಕೆ ಬರುತ್ತದೆ. ಸಿಗ್ಮಾ 16ಕ್ಕೆ 25 ಸೆಂ.ಮೀ., ಸೋನಿ 11ಕ್ಕೆ ಆಟೊಫೋಕಸ್‌ನಲ್ಲಿ 15, ಸಿಗ್ಮಾ 10–18ಕ್ಕೆ 10 ಎಂಎಂನಲ್ಲಿ 11.6. ಈ ದೂರ ಅಳೆಯುವುದು ಲೆನ್ಸ್ ತುದಿಯಿಂದ ಅಲ್ಲ, ಒಳಗಿನ ಸೆನ್ಸರ್‌ನಿಂದ. ಲೆನ್ಸ್ ಉದ್ದ ಕಳೆದರೆ ಸಿಗ್ಮಾ 10–18ರ ಗಾಜಿಗೂ ದೋಸೆಗೂ ನಡುವೆ ಉಳಿಯುವುದು ನಾಲ್ಕು ಸೆಂ.ಮೀ.ಗೂ ಕಡಿಮೆ. ಮಸಾಲೆ ದೋಸೆಯ ಮೇಲಿನ ಬೆಣ್ಣೆ ಜಾರಿ ಕೆಂಪು ಚಟ್ನಿಗೆ ಸೇರುವುದನ್ನೂ, ಹಿಂದೆ ಇಡೀ ಹೋಟೆಲ್ಲನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಬಹುದು. ಅಷ್ಟು ಹತ್ತಿರ ಹೋದಾಗ ನಿಮ್ಮ ಲೆನ್ಸ್‌ನ ನೆರಳೇ ತಟ್ಟೆಯ ಮೇಲೆ ಬೀಳುತ್ತದೆ, ಕಾಫಿಯ ಹಬೆ ಗಾಜಿಗೆ ಹತ್ತುತ್ತದೆ. ಕಿಟಕಿ ಪಕ್ಕದ ಟೇಬಲ್ ಹಿಡಿಯಿರಿ, ಮೈಕ್ರೊಫೈಬರ್ ಬಟ್ಟೆ ಜೇಬಿನಲ್ಲಿರಲಿ.

ದೂರದ ವಿಷಯದಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ದೊಡ್ಡ ದೃಶ್ಯಕ್ಕೆ ದೊಡ್ಡ ಅಗಲ ಎಂದು ಜೋಗದ ವ್ಯೂ ಪಾಯಿಂಟ್‌ನಲ್ಲಿ 10 ಎಂಎಂ ತೆಗೆದರೆ, 253 ಮೀಟರ್ ಎತ್ತರದಿಂದ ಬೀಳುವ ಶರಾವತಿ ಫ್ರೇಮ್‌ನ ನಡುವೆ ನಾಲ್ಕು ಬಿಳಿ ನೂಲಿನಂತೆ ಕಾಣುತ್ತದೆ. ಅಲ್ಲಿ ಕಿಟ್ ಲೆನ್ಸ್‌ನ 35, 50 ಎಂಎಂ ಗೆಲ್ಲುತ್ತವೆ. ಅತಿ ಅಗಲದ ಲೆನ್ಸ್ ಇರುವುದು ಹತ್ತಿರದ ದೊಡ್ಡ ವಸ್ತುಗಳಿಗೆ, ಇಕ್ಕಟ್ಟಿನ ಜಾಗಗಳಿಗೆ, ನಿಮ್ಮ ಮುಖ ಮತ್ತು ಹಿನ್ನೆಲೆ ಎರಡನ್ನೂ ಒಟ್ಟಿಗೆ ಹಿಡಿಯುವುದಕ್ಕೆ. ವಿಜಯವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಹತ್ತಿರ ನಿಂತು 11ರಲ್ಲಿ ತೆಗೆದರೆ, 50 ರೂಪಾಯಿ ನೋಟಿನ ಮೇಲೆ ನೋಡಿದ್ದ ರಥ ಮೈಮೇಲೆ ಬಂದಂತಿರುತ್ತದೆ. ಆದರೆ ಕ್ಯಾಮೆರಾವನ್ನು ಸ್ವಲ್ಪ ಮೇಲಕ್ಕೆ ಎತ್ತಿದರೂ ಹಿಂದಿನ ಮಂಟಪದ ಕಂಬಗಳು ಒಳಕ್ಕೆ ವಾಲುತ್ತವೆ. ಮಟ್ಟಸವಾಗಿ ಹಿಡಿದು, ಕೆಳಗೆ ಉಳಿದ ನೆಲವನ್ನು ಎಡಿಟಿಂಗ್‌ನಲ್ಲಿ ತೆಗೆದುಬಿಡಿ.

ಜೊತೆಗಾರರಿದ್ದರೆ ಇನ್ನೊಂದು ಎಚ್ಚರ. 10–11ರಲ್ಲಿ ಫ್ರೇಮ್‌ನ ಅಂಚಿಗೆ ಬಂದದ್ದೆಲ್ಲ ಅಡ್ಡಕ್ಕೆ ಹಿಗ್ಗುತ್ತದೆ. ನಡುವೆ ಇರುವ ನಿಮ್ಮ ಮುಖ ಚೆನ್ನಾಗಿಯೇ ಇರುತ್ತದೆ, ಪಕ್ಕದಲ್ಲಿ ನಿಂತ ಅಕ್ಕ ಮಾತ್ರ ವಿಡಿಯೊ ನೋಡಿದ ಮೇಲೆ ಒಂದು ವಾರ ಮಾತು ಬಿಡುತ್ತಾಳೆ. ಕ್ಯಾಮೆರಾ ಹಿಡಿದ ನಿಮ್ಮ ತೋಳೂ ಮೂಲೆಯಲ್ಲಿ ಆನೆಯ ಸೊಂಡಿಲಷ್ಟು ದಪ್ಪ ಕಾಣಬಹುದು. ಸಣ್ಣ ಗ್ರಿಪ್ ಇದ್ದರೆ ತೋಳು ಫ್ರೇಮ್‌ನಿಂದ ಹೊರಗುಳಿಯುತ್ತದೆ, ದೂರವೂ 60ರಿಂದ 75 ಸೆಂ.ಮೀ. ಆಗುತ್ತದೆ.

ಕ್ಯಾನನ್, ನಿಕಾನ್

ಇಲ್ಲಿ ಚರ್ಚೆ ಚಿಕ್ಕದು. ಆರ್50, ಆರ್10 ಇರುವವರು ಆರ್‌ಎಫ್-ಎಸ್ 10–18 ಎಫ್/4.5–6.3 ನೋಡಬೇಕು. 150 ಗ್ರಾಂ, 329 ಡಾಲರ್, ಒಳಗೆ ಆಪ್ಟಿಕಲ್ ಸ್ಟೆಬಿಲೈಸೇಶನ್. ಕ್ಯಾನನ್ ಸೆನ್ಸರ್ ಸ್ವಲ್ಪ ಚಿಕ್ಕದಾದರೂ ಕೈ ಚಾಚಿದಾಗ 134 ಸೆಂ.ಮೀ. ಸಿಗುತ್ತದೆ. ಹಗಲಿನ ವ್ಲಾಗ್‌ಗೆ ಇದಕ್ಕಿಂತ ಸುಲಭದ ಸಲಹೆ ಇಲ್ಲ. ಕತ್ತಲಾದರೆ ಮಾತ್ರ ಸೋಲುತ್ತದೆ. 299 ಡಾಲರ್‌ನ ಆರ್‌ಎಫ್ 16 ಎಂಎಂ ಎಫ್/2.8 ಕಡೆ ಕಣ್ಣು ಹೋಗುವುದು ಸಹಜ, ಆದರೆ ಅದು ಫುಲ್‌ಫ್ರೇಮ್‌ಗೆಂದು ಮಾಡಿದ್ದು. ಆರ್8 ಮೇಲೆ ಅದು ನಿಜವಾದ ಅಲ್ಟ್ರಾವೈಡ್, ಬೆಲೆ ನೋಡಿದರೆ ಪುಕ್ಕಟೆಯೇ ಸರಿ. ಆರ್50 ಮೇಲೆ ಹಾಕಿದರೆ 84 ಸೆಂ.ಮೀ. ಮಾತ್ರ, ಮತ್ತೆ ಅದೇ 16ರ ಕತೆ. ಫೋಕಸ್ ಮಾಡುವಾಗ ಮೋಟರ್ ಸದ್ದೂ ಕ್ಯಾಮೆರಾದ ಮೈಕ್‌ಗೆ ಸಿಗುತ್ತದೆ. 2024ರಿಂದ ಸಿಗ್ಮಾ, ಟ್ಯಾಮ್ರಾನ್‌ಗಳೂ ಕ್ಯಾನನ್ ಎಪಿಎಸ್-ಸಿಗೆ ಆಟೊಫೋಕಸ್ ಲೆನ್ಸ್ ಮಾಡುತ್ತಿವೆ. ಸಿಗ್ಮಾ 10–18 ಎಫ್/2.8 ಈ ಮೌಂಟ್‌ಗೂ ಬಂದಿದೆ, ದುಡ್ಡಿದ್ದರೆ ಅದೇ.

ನಿಕಾನ್ ಝಡ್30ಕ್ಕೆ ಡಿಎಕ್ಸ್ 12–28 ಪಿಝಡ್ ವಿಆರ್. 205 ಗ್ರಾಂ, 360 ಡಾಲರ್, 117 ಸೆಂ.ಮೀ. ಅಗಲ, ಪವರ್ ಝೂಮ್, ಸ್ಟೆಬಿಲೈಸೇಶನ್. 28ರವರೆಗೆ ಝೂಮ್ ಇರುವುದರಿಂದ ಇಡೀ ಪ್ರವಾಸಕ್ಕೆ ಇದೊಂದೇ ಸಾಕೆನ್ನಬಹುದಾದ ಲೆನ್ಸ್. ಎಫ್/3.5–5.6 ಆದ್ದರಿಂದ ಬೇಲೂರಿನ ಒಳಗೆ ತಿಣುಕುತ್ತದೆ, ಅಷ್ಟೇ.

ಮಳೆ, ಫಂಗಸ್, ಸೆಕೆಂಡ್ ಹ್ಯಾಂಡ್

ಸೋನಿ 11ಕ್ಕೆ ಧೂಳು, ತೇವ ತಡೆಯುವ ವಿನ್ಯಾಸವಿದೆ ಎಂದು ಅಂಗಡಿಯವರು ಒತ್ತಿ ಹೇಳುತ್ತಾರೆ. ಇದೆ, ನಿಜ. ಆದರೆ ಅದನ್ನು ಕೂರಿಸುವ ಝಡ್‌ವಿ-ಇ10 ಬಾಡಿಗೆ ಆ ರಕ್ಷಣೆ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಆಗುಂಬೆಯ ಜುಲೈ ತಿಂಗಳಿಗೆ ಕೊಡೆ, ಪ್ಲಾಸ್ಟಿಕ್ ಕವರ್ ಎರಡೂ ಬೇಕು, ಲೆನ್ಸ್ ಯಾವುದೇ ಇರಲಿ.

ಮಲೆನಾಡು, ಕರಾವಳಿಯಲ್ಲಿ ಬಳಕೆಯಾದ ಲೆನ್ಸ್ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಫಂಗಸ್. ಲೆನ್ಸ್‌ನ ಎರಡೂ ಮುಚ್ಚಳ ತೆಗೆದು, ಹಿಂಬದಿಯಿಂದ ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು, ಮುಂದಿನಿಂದ ನೋಡಿ. ಧೂಳಿನ ಚುಕ್ಕಿಗಳು ಇದ್ದೇ ಇರುತ್ತವೆ, ಅವುಗಳಿಂದ ಏನೂ ಆಗುವುದಿಲ್ಲ. ಜೇಡರ ಬಲೆಯ ಎಳೆಗಳಂತೆ ಕವಲೊಡೆದ ಬಿಳಿ ಗೆರೆ ಅಂಚಿನಿಂದ ಒಳಕ್ಕೆ ಹರಿದಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಕೈಮುಗಿದು ಬನ್ನಿ. ಆಮೇಲೆ ಬಚ್ಚಲಿನ ಟೈಲ್ಸ್ ಗೋಡೆಯಂಥ ಗೆರೆಗಳಿರುವ ಗೋಡೆಗೆ ನೇರ ನಿಂತು, ಅಪರ್ಚರ್ ಪೂರ್ತಿ ತೆರೆದು ಒಂದು ಫೋಟೊ ತೆಗೆಯಿರಿ. ನಾಲ್ಕು ಮೂಲೆಗಳನ್ನೂ ದೊಡ್ಡದು ಮಾಡಿ ನೋಡಿ. ನಾಲ್ಕೂ ಒಂದೇ ಥರ ಮೃದುವಾಗಿದ್ದರೆ ಅದು ಲೆನ್ಸ್‌ನ ಗುಣ, ಒಂದು ಮೂಲೆ ಮಾತ್ರ ಕಲಸಿಹೋಗಿದ್ದರೆ ಎಲ್ಲೋ ಬಿದ್ದು ಒಳಗಿನ ಗಾಜು ಸರಿದಿದೆ ಎಂದರ್ಥ. ಕೊನೆಗೆ ಹತ್ತು ಸೆಕೆಂಡ್ ವಿಡಿಯೊ ಮಾಡಿ, ಅಂಗೈಯನ್ನು ಲೆನ್ಸ್ ಮುಂದೆ ತಂದು ತೆಗೆದು, ಫೋಕಸ್ ಸಲೀಸಾಗಿ ಹಿಂದಕ್ಕೆ ಹೋಗಿ ಬರುತ್ತದೆಯೇ ನೋಡಿ.

ಹೊಸದೇ ಕೊಳ್ಳುವುದಾದರೆ ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಇಲ್ಲದೆ ಕೆಲವು ಸಾವಿರ ಕಡಿಮೆಗೆ ಸಿಗುವ ಲೆನ್ಸ್ ಹೊರದೇಶದಿಂದ ಬಂದದ್ದಾಗಿದ್ದರೆ ಇಲ್ಲಿನ ವಾರಂಟಿ ಸಿಗದೆ ಹೋಗಬಹುದು.

ಲೆನ್ಸೇ ಬೇಡವಾದರೆ?

ಇನ್ನೂ ಕ್ಯಾಮೆರಾನೇ ಕೊಳ್ಳದವರು ಒಮ್ಮೆ ನಿಂತು ಯೋಚಿಸಿ. 2023ರ ಅಕ್ಟೋಬರ್‌ನಲ್ಲಿ ಬಂದ ಡಿಜೆಐ ಆಸ್ಮೊ ಪಾಕೆಟ್ 3 ಅಮೆರಿಕದಲ್ಲಿ 519 ಡಾಲರ್‌ಗೆ ಬಿಡುಗಡೆಯಾಯಿತು, ಸೋನಿ 11 ಲೆನ್ಸ್ ಒಂದಕ್ಕಿಂತ ಕಡಿಮೆ. ಒಂದಿಂಚಿನ ಸೆನ್ಸರ್, ಎಫ್/2 ಲೆನ್ಸ್, ಒಳಗೇ ಗಿಂಬಲ್, ಒಟ್ಟು 179 ಗ್ರಾಂ. ಫುಲ್‌ಫ್ರೇಮ್ ಲೆಕ್ಕದಲ್ಲಿ ಅದರ ಅಗಲ 20 ಎಂಎಂ, ಅಂದರೆ ನಮ್ಮ ಎಪಿಎಸ್-ಸಿಯಲ್ಲಿ 13 ಎಂಎಂ ಇದ್ದ ಹಾಗೆ. ಗಿಂಬಲ್ ಇರುವುದರಿಂದ 1.44ರ ಕತ್ತರಿಯ ಹಂಗಿಲ್ಲ. ನಡೆಯುತ್ತಾ ಮಾತಾಡುವುದಷ್ಟೇ ನಿಮ್ಮ ಕೆಲಸವಾದರೆ ಕ್ಯಾಮೆರಾ, ಲೆನ್ಸ್, ಗ್ರಿಪ್, ಫಿಲ್ಟರ್ ಎಂದು ಗಂಟು ಕಟ್ಟುವುದಕ್ಕಿಂತ ಅದೇ ಮೇಲು. ಫೋಟೊ ಕೂಡ ಬೇಕು, ಮುಂದೆ ಬೇರೆ ಲೆನ್ಸ್ ಹಾಕಬೇಕು ಅನ್ನುವವರಿಗೆ ಮಾತ್ರ ಈ ಲೆನ್ಸ್ ಲೆಕ್ಕ.

ಕ್ಯಾಮೆರಾ ಇದ್ದು ಇನ್ನೂ ಮನಸ್ಸು ಹೊಯ್ದಾಡುತ್ತಿದ್ದರೆ, ಬೆಂಗಳೂರಿನಲ್ಲಿ ಲೆನ್ಸ್‌ಗಳು ದಿನದ ಬಾಡಿಗೆಗೆ ಸಿಗುತ್ತವೆ. ಒಂದು ಭಾನುವಾರಕ್ಕೆ 11 ಮತ್ತು 10–18 ಎರಡನ್ನೂ ತಂದು, ಬೆಳಿಗ್ಗೆ ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಆ್ಯಕ್ಟಿವ್ ಹಾಕಿ ನಡೆಯಿರಿ, ಸಂಜೆ ಮನೆಯ ಟ್ಯೂಬ್‌ಲೈಟ್ ಕೆಳಗೆ ಕೂತು ಮಾತಾಡಿ. ಝೂಮ್ ಇಟ್ಟುಕೊಂಡೂ ಇಡೀ ದಿನ ಅದನ್ನು 10ರಿಂದ ಕದಲಿಸಲೇ ಇಲ್ಲ ಎಂದಾದರೆ 11 ತಗೊಳ್ಳಿ, 79 ಗ್ರಾಂ ಭಾರ ಮತ್ತು 50 ಡಾಲರ್ ಉಳಿಯುತ್ತದೆ. ಆ ಉಳಿತಾಯ ಎನ್‌ಡಿ ಫಿಲ್ಟರ್‌ಗೆ ಆಗುತ್ತದೆ.